ತೆಂಗಿನ ನಾರು ನೀರಿನೊಳಗೆ ಸದ್ದನ್ನು ಹೀರುವುದೇ? ಒಂದು ಪ್ರಾಜೆಕ್ಟ್ ವರದಿಯ ವಿಮರ್ಶೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಗಿದೆಯೇ ಎಂದು ತಿಳಿಯಲು ಯಾರೂ ಅದನ್ನು ಒಡೆಯುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ನೀರಿದ್ದರೆ ಒಂದು ಸದ್ದು, ನೀರು ಇಂಗಿ ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡಿದ್ದರೆ ಇನ್ನೊಂದು ಸದ್ದು. ಅದೇ ಕಾಯಿ, ಅದೇ ಚಿಪ್ಪು; ಒಳಗಿನ ಮಾಧ್ಯಮ ಬದಲಾದರೆ ಸದ್ದೂ ಬದಲಾಗುತ್ತದೆ. ನಮ್ಮ ಸೀಮೆಯ ಹೆಂಗಸರಿಗೂ ಮಕ್ಕಳಿಗೂ ತಿಳಿದಿರುವ ಈ ಸಂಗತಿಯನ್ನು ಭೌತಶಾಸ್ತ್ರದ ಪ್ರಾಧ್ಯಾಪಕನಾದ ನಾನು ಒಮ್ಮೆ ಮರೆತೆ. ಮರೆತು ಒಂದು ವರದಿಗೆ ಸಹಿ ಹಾಕಿದೆ. ಈ ಲೇಖನ ಆ ವರದಿಯ ವಿಮರ್ಶೆ. ಬರೆದ ವಿದ್ಯಾರ್ಥಿಗಳಿಗಿಂತ ಹೆಚ್ಚಾಗಿ, ಸಹಿ ಹಾಕಿದ ಮಾರ್ಗದರ್ಶಕನ ವಿಮರ್ಶೆ ಎಂದು ಓದುಗರು ಭಾವಿಸಬೇಕು.

ವರದಿ ಹೇಳುವುದೇನು?

ಪದವಿ ತರಗತಿಯ ಮೂವರು ವಿದ್ಯಾರ್ಥಿಗಳು ಕೈಗೆತ್ತಿಕೊಂಡ ವಿಷಯ ಹೀಗಿತ್ತು. ನೀರಿನೊಳಗೆ ಶಬ್ದವನ್ನು ಅಳೆಯುವಾಗ ತೊಟ್ಟಿಯ ಗೋಡೆಗಳಿಂದ ಬರುವ ಪ್ರತಿಫಲನಗಳು ಅಳತೆಯನ್ನು ಕೆಡಿಸುತ್ತವೆ. ಗಾಳಿಯಲ್ಲಿ ತೆಂಗಿನ ನಾರಿನ ಹಾಸು ಸದ್ದನ್ನು ಚೆನ್ನಾಗಿ ಹೀರುತ್ತದೆ. ಆದ್ದರಿಂದ ತೊಟ್ಟಿಯ ಗೋಡೆಗಳಿಗೆ ನಾರಿನ ಹಾಸನ್ನು ಹೊದಿಸಿದರೆ ಪ್ರತಿಫಲನಗಳನ್ನು ಕಡಿಮೆ ಮಾಡಬಹುದು.

ತೋಟದ ಕೊಳವೆಬಾವಿಯ ಪಕ್ಕದ ತೊಟ್ಟಿಯನ್ನೇ ಅವರು ಪ್ರಯೋಗಾಲಯ ಮಾಡಿಕೊಂಡರು. ಉದ್ದ 3 ಮೀಟರ್, ಅಗಲ 2 ಮೀಟರ್, ನೀರಿನ ಆಳ 1.5 ಮೀಟರ್, ನೆಲದ ಮೇಲೆ ಕಟ್ಟಿದ ಇಟ್ಟಿಗೆ ಗೋಡೆ, ಸಿಮೆಂಟ್ ಗಾರೆ. ಅಗ್ಗದ ಪೀಜೋ ಬಿಲ್ಲೆಯೊಂದನ್ನು ನೀರು ನುಗ್ಗದಂತೆ ಎಪಾಕ್ಸಿಯಲ್ಲಿ ಮುಚ್ಚಿ ಶಬ್ದ ಮೂಲವನ್ನಾಗಿ ಮಾಡಿದರು. ಅಂಥದೇ ಇನ್ನೊಂದು ಬಿಲ್ಲೆ ಹೈಡ್ರೋಫೋನ್, ಅಂದರೆ ನೀರಿನೊಳಗಿನ ಮೈಕ್, ಆಯಿತು. ಎರಡನ್ನೂ ತೊಟ್ಟಿಯ ನಡುವೆ, ನಡು ಆಳದಲ್ಲಿ, ಅರ್ಧ ಮೀಟರ್ ಅಂತರದಲ್ಲಿ ಇಳಿಬಿಟ್ಟರು. 5 ಕಿಲೋಹರ್ಟ್ಸ್ ಆವೃತ್ತಿಯ ನಿರಂತರ ಸ್ವರವನ್ನು ಕೊಟ್ಟು ಹೈಡ್ರೋಫೋನಿನ ವೋಲ್ಟೇಜನ್ನು ಓದಿದರು. ನಂತರ 5 ಸೆಂಟಿಮೀಟರ್ ದಪ್ಪದ ನಾರಿನ ಹಾಸುಗಳನ್ನು ಗೋಡೆಗಳಿಗೆ ಕಟ್ಟಿ ಮತ್ತೆ ಓದಿದರು. ವೋಲ್ಟೇಜ್ ಸುಮಾರು ಅರ್ಧಕ್ಕೆ ಇಳಿಯಿತು. ‘ತೆಂಗಿನ ನಾರು ನೀರಿನಲ್ಲಿ ಅರ್ಧದಷ್ಟು ಶಬ್ದವನ್ನು ಹೀರುತ್ತದೆ’ ಎಂದು ವರದಿ ಮುಗಿಯಿತು.

ಮೊದಲು ಮೆಚ್ಚಬೇಕಾದುದನ್ನು ಹೇಳಬೇಕು. ಪೇಟೆಯಿಂದ ಸಿದ್ಧ ಉಪಕರಣ ತರದೆ ಕೈಯಿಂದ ಹೈಡ್ರೋಫೋನ್ ತಯಾರಿಸಿದ್ದು, ಊರಿನ ವಸ್ತುವಿನ ಬಗ್ಗೆ ಪ್ರಶ್ನೆ ಕೇಳಿದ್ದು, ತೊಟ್ಟಿಯ ಅಳತೆಗಳನ್ನೂ ಬಿಲ್ಲೆಗಳ ಸ್ಥಾನವನ್ನೂ ಸರಿಯಾಗಿ ಬರೆದಿಟ್ಟಿದ್ದು ಸಣ್ಣ ಸಾಧನೆಯಲ್ಲ. ಆ ಅಳತೆಗಳು ಇದ್ದುದರಿಂದಲೇ ಈಗ ತಪ್ಪು ಎಲ್ಲಿದೆಯೆಂದು ಲೆಕ್ಕ ಹಾಕಿ ತೋರಿಸಲು ಸಾಧ್ಯವಾಗಿದೆ.

ತೆರೆದ ಕಿಟಕಿಯ ಕಥೆ

ಮೊದಲ ದೋಷ ಪ್ರಯೋಗಕ್ಕಿಂತ ಮುಂಚೆಯೇ, ಊಹೆಯಲ್ಲಿಯೇ ಇದೆ. ಅದಕ್ಕೆ ನಮ್ಮ ಪಠ್ಯಗಳೂ ಕಾರಣ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸಬೀನ್ 1895ರಿಂದ ಉಪನ್ಯಾಸ ಮಂದಿರವೊಂದರ ಪ್ರತಿಧ್ವನಿಯನ್ನು ಅಧ್ಯಯನ ಮಾಡಿ, ವಸ್ತುಗಳ ಶಬ್ದ ಹೀರಿಕೆಯನ್ನು ತೆರೆದ ಕಿಟಕಿಗೆ ಹೋಲಿಸಿ ಅಳೆಯುವ ಕ್ರಮವನ್ನು ತಂದರು. ತೆರೆದ ಕಿಟಕಿಯ ಮೂಲಕ ಹೊರಹೋದ ಸದ್ದು ಮರಳಿ ಬರುವುದಿಲ್ಲ. ಆದ್ದರಿಂದ ಅದರ ಹೀರಿಕೆ ಗುಣಾಂಕ 1. ಕಂಬಳಿ, ಪರದೆ, ನಾರು ಇವುಗಳ ಗುಣಾಂಕಗಳು ಅದಕ್ಕಿಂತ ಕಡಿಮೆ. ಪಠ್ಯಪುಸ್ತಕಗಳಲ್ಲಿ ಈ ಕೋಷ್ಟಕವನ್ನು ನೋಡುವ ವಿದ್ಯಾರ್ಥಿಗೆ ಇದು ಸಾಂದ್ರತೆಯಂತೆ ವಸ್ತುವಿನ ಸ್ವಂತ ಗುಣ ಎಂದೇ ಅನ್ನಿಸುತ್ತದೆ. ‘ಗಾಳಿಯಲ್ಲಿ’ ಎಂಬ ಒಂದು ಪದ ಕೋಷ್ಟಕದ ತಲೆಯ ಮೇಲೆ ಇರುವುದಿಲ್ಲ.

ನೀರಿನಲ್ಲಿ ತೆರೆದ ಕಿಟಕಿ ಯಾವುದು? ತೊಟ್ಟಿಯ ಮೇಲ್ಮೈ. ಅಲ್ಲಿ ಗೋಡೆಯಿಲ್ಲ, ಮುಚ್ಚಳವಿಲ್ಲ, ಮೇಲೆ ಬರೀ ಆಕಾಶ. ಆದರೂ ಅಲ್ಲಿಂದ ಶಬ್ದ ಹೊರಹೋಗುವುದಿಲ್ಲ. ಮಾಧ್ಯಮದ ಸಾಂದ್ರತೆಯನ್ನು ಅದರಲ್ಲಿನ ಶಬ್ದವೇಗದಿಂದ ಗುಣಿಸಿದರೆ ಸಿಗುವ ಸಂಖ್ಯೆಗೆ ಇಂಪೀಡೆನ್ಸ್ ಎನ್ನುತ್ತೇವೆ. ನೀರಿಗೆ ಅದು ಸುಮಾರು 14.8 ಲಕ್ಷ, ಗಾಳಿಗೆ ಸುಮಾರು 412. ಅನುಪಾತ 3,600ರಷ್ಟು. ಇಷ್ಟು ಅಂತರವಿರುವ ಎರಡು ಮಾಧ್ಯಮಗಳು ಕೂಡುವಲ್ಲಿ ಶಬ್ದಶಕ್ತಿಯ ಶೇಕಡಾ 99.9 ಭಾಗ ಮರಳುತ್ತದೆ, ಅದೂ ಒತ್ತಡದ ಚಿಹ್ನೆ ತಿರುವುಮುರುವಾಗಿ. ಗಾಳಿಯಲ್ಲಿ ಪರಿಪೂರ್ಣ ಹೀರುಕವಾದ ತೆರೆದ ಬಾಗಿಲು ನೀರಿನಲ್ಲಿ ಪರಿಪೂರ್ಣ ಕನ್ನಡಿ. ಸಿಮೆಂಟ್ ಗೋಡೆಯೂ ಹಾಗೆಯೇ: ದಪ್ಪ ಕಾಂಕ್ರೀಟು ಶಕ್ತಿಯ ಸುಮಾರು ಅರ್ಧವನ್ನು ಒಳಗೆ ಬಿಟ್ಟುಕೊಳ್ಳಬಹುದಾದರೂ, ತೊಟ್ಟಿಯ ತೆಳು ಗೋಡೆಯ ಹಿಂದೆ ಮತ್ತೆ ಗಾಳಿ ಇರುವುದರಿಂದ ಒಳಹೊಕ್ಕದ್ದೂ ಬಹುಪಾಲು ಹಿಂದಿರುಗುತ್ತದೆ.

ಇನ್ನು ನಾರಿನ ವಿಷಯ. ಗಾಳಿಯಲ್ಲಿ ನಾರು ಸದ್ದನ್ನು ಹೀರುವುದು ಹೇಗೆ? ಎಳೆಗಳ ಸಂದುಗಳಲ್ಲಿ ಗಾಳಿ ಹಿಂದುಮುಂದಾಗಿ ಓಡಾಡುವಾಗ ಸ್ನಿಗ್ಧತೆಯಿಂದ ಘರ್ಷಣೆಯಾಗಿ ಶಬ್ದಶಕ್ತಿ ಉಷ್ಣವಾಗುತ್ತದೆ. ನೀರಿನ ಸ್ನಿಗ್ಧತೆ ಗಾಳಿಯದಕ್ಕಿಂತ ಸುಮಾರು 55 ಪಟ್ಟು. ಹಾಗಾದರೆ ನೀರಿನಲ್ಲಿ ಘರ್ಷಣೆ ಇನ್ನೂ ಹೆಚ್ಚಲ್ಲವೇ ಎಂದು ವರದಿ ವಾದಿಸುತ್ತದೆ. ಇಲ್ಲಿಯೇ ಎಡವಿದ್ದು. ಘರ್ಷಣೆ ಎಷ್ಟು ಎಂಬುದಲ್ಲ, ಮಾಧ್ಯಮದ ಇಂಪೀಡೆನ್ಸಿಗೆ ಹೋಲಿಸಿದರೆ ಎಷ್ಟು ಎಂಬುದು ಮುಖ್ಯ. ಘರ್ಷಣೆ 55 ಪಟ್ಟು ಏರಿದರೆ ಇಂಪೀಡೆನ್ಸ್ 3,600 ಪಟ್ಟು ಏರಿದೆ. ಅಂದರೆ ನಾರಿನ ಹಿಡಿತ ನೀರಿನಲ್ಲಿ 65ರಲ್ಲಿ ಒಂದು ಪಾಲಿಗೆ ಇಳಿದಿದೆ. ಜೊತೆಗೆ ಗಾಳಿಯಲ್ಲಿ ಎಳೆ ಕದಲದೆ ನಿಂತಿರುತ್ತದೆ. ನೀರಿನಲ್ಲಿ ನೆನೆದ ಎಳೆಯ ಸಾಂದ್ರತೆ ನೀರಿಗೆ ಹತ್ತಿರವಾದ್ದರಿಂದ ಎಳೆಯೂ ನೀರಿನೊಡನೆಯೇ ಅಲುಗುತ್ತದೆ. ಇಬ್ಬರೂ ಒಟ್ಟಿಗೆ ನಡೆದರೆ ಉಜ್ಜಾಟ ಎಲ್ಲಿಂದ ಬರಬೇಕು?

ದಪ್ಪದ ಲೆಕ್ಕವೂ ಹಾಗೆಯೇ. ಹೀರುಕದ ದಪ್ಪ ತರಂಗದೂರದ ಕಾಲು ಭಾಗದಷ್ಟಾದರೂ ಇರಬೇಕೆಂಬುದು ಸ್ಥೂಲ ನಿಯಮ. 1 ಕಿಲೋಹರ್ಟ್ಸ್‌ನಲ್ಲಿ ಗಾಳಿಯಲ್ಲಿನ ತರಂಗದೂರ 34 ಸೆಂ.ಮೀ., ನೀರಿನಲ್ಲಿ 148 ಸೆಂ.ಮೀ. ಗಾಳಿಯಲ್ಲಿ 9 ಸೆಂ.ಮೀ. ಸಾಕಾದ ಕಡೆ ನೀರಿನಲ್ಲಿ 37 ಸೆಂ.ಮೀ. ಬೇಕು. ಪೂರ್ತಿ ನೆನೆದ 5 ಸೆಂ.ಮೀ. ಹಾಸು ಈ ಶಬ್ದಕ್ಕೆ ಹೆಚ್ಚುಕಡಿಮೆ ಕಾಣಿಸುವುದೇ ಇಲ್ಲ.

ನಿರಂತರ ಸ್ವರದ ಮೋಸ

ಹಾಗಾದರೆ ವೋಲ್ಟೇಜ್ ಅರ್ಧಕ್ಕೆ ಇಳಿದದ್ದು ಸುಳ್ಳೇ? ಸುಳ್ಳಲ್ಲ. ಓದಿದ್ದು ನಿಜ, ಅರ್ಥ ಮಾಡಿದ್ದು ತಪ್ಪು.

ಮೊದಲಿಗೆ ಅಂಕಗಣಿತ. ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವೋಲ್ಟೇಜ್ ಅರ್ಧವಾದರೆ ಶಕ್ತಿ ಕಾಲು ಭಾಗವಾಗುತ್ತದೆ. ವರದಿಯ ತರ್ಕವನ್ನೇ ಒಪ್ಪಿದರೂ ‘ಅರ್ಧ’ ಎಂಬ ಉತ್ತರ ತಪ್ಪು, ಮುಕ್ಕಾಲು ಎನ್ನಬೇಕಿತ್ತು. ಇದನ್ನು ನಾನು ಗಮನಿಸದೆ ಸಹಿ ಹಾಕಿದೆನೆಂಬುದು ಈಗಲೂ ನಾಚಿಕೆಯ ವಿಷಯ.

ಎರಡನೆಯದು ಇದಕ್ಕಿಂತ ಗಂಭೀರ. ತೊಟ್ಟಿಯಂಥ ಮುಚ್ಚಿದ ಜಾಗದಲ್ಲಿ ನಿರಂತರ ಸ್ವರ ಕೊಟ್ಟಾಗ ನೇರವಾಗಿ ಬಂದ ಅಲೆಗೆ ಆರು ಮುಖಗಳಿಂದ ಮರಳಿದ ಅಲೆಗಳೆಲ್ಲ ಕೂಡಿ ನಿಂತ ಅಲೆಗಳ ಜಾಲ ಏರ್ಪಡುತ್ತದೆ. 5 ಕಿಲೋಹರ್ಟ್ಸ್‌ನಲ್ಲಿ ತರಂಗದೂರ ಸುಮಾರು 30 ಸೆಂ.ಮೀ.; ಜಾಲದಲ್ಲಿ ಗರಿಷ್ಠದಿಂದ ಕನಿಷ್ಠಕ್ಕೆ ಏಳೆಂಟು ಸೆಂಟಿಮೀಟರಿನ ದಾರಿ. ಹೈಡ್ರೋಫೋನನ್ನು ಒಂದು ಗೇಣು ಸರಿಸಿದರೆ ಓದು ಎಷ್ಟೋ ಪಟ್ಟು ಬದಲಾಗಬಹುದು. ಗೋಡೆಗೆ ಹಾಸು ಕಟ್ಟಿದಾಗ ಪ್ರತಿಫಲನದ ಜಾಗ ಅಷ್ಟಿಷ್ಟು ಸರಿದು ಇಡೀ ಜಾಲವೇ ಪಲ್ಲಟಗೊಳ್ಳುತ್ತದೆ. ಒಂದೇ ಬಿಂದುವಿನಲ್ಲಿ ಓದಿದ ವೋಲ್ಟೇಜ್ ಇಳಿದದ್ದು ಹೀರಿಕೆಯಿಂದಲೋ, ಅಲ್ಲಿಗೆ ಕನಿಷ್ಠ ಬಿಂದು ಸರಿದು ಬಂದದ್ದರಿಂದಲೋ ಹೇಳಲಾಗದು. ಬೆಳಿಗ್ಗೆ ಒಂದು ಓದು, ಬಿಸಿಲೇರಿದ ಮೇಲೆ ಇನ್ನೊಂದು ಓದು ತೆಗೆದುಕೊಂಡರೂ ಸಾಕು; ನೀರಿನ ಉಷ್ಣತೆ ಒಂದು ಡಿಗ್ರಿ ಏರಿದರೆ ಶಬ್ದವೇಗ ಸೆಕೆಂಡಿಗೆ ಸುಮಾರು 3 ಮೀಟರ್ ಹೆಚ್ಚಿ ಜಾಲ ಕದಲುತ್ತದೆ.

ಪ್ರತಿಫಲನವನ್ನು ಸೋಲಿಸುವ ಅಗ್ಗದ ಉಪಾಯ ಹೀರುವುದಲ್ಲ, ಅದು ಬರುವ ಮುಂಚೆ ಓದಿ ಮುಗಿಸುವುದು. ನಿರಂತರ ಸ್ವರದ ಬದಲು ಚಿಕ್ಕ ಮಿಡಿತ ಕೊಡಬೇಕು. ನಮ್ಮ ತೊಟ್ಟಿಯಲ್ಲಿ ನೇರ ದಾರಿ 0.5 ಮೀಟರ್. ಮೇಲ್ಮೈಗೆ ಬಡಿದು ಬರುವ ದಾರಿ 1.58 ಮೀಟರ್. ವ್ಯತ್ಯಾಸ 1.08 ಮೀಟರನ್ನು 1,480ರಿಂದ ಭಾಗಿಸಿದರೆ 0.73 ಮಿಲಿಸೆಕೆಂಡ್. ತಳದ ಪ್ರತಿಫಲನವೂ ಅದೇ ಹೊತ್ತಿಗೆ ಬರುತ್ತದೆ. ಈ 0.73 ಮಿಲಿಸೆಕೆಂಡ್ ನಮಗೆ ದೊರೆತ ಸ್ವಚ್ಛ ಅವಧಿ. 20 ಕಿಲೋಹರ್ಟ್ಸ್‌ನಲ್ಲಿ ಅದರೊಳಗೆ 14 ಆವರ್ತನೆಗಳು ಹಿಡಿಸುತ್ತವೆ. 5 ಕಿಲೋಹರ್ಟ್ಸ್‌ನಲ್ಲಿ ಮೂರೂವರೆ. 1 ಕಿಲೋಹರ್ಟ್ಸ್‌ನಲ್ಲಿ ಒಂದು ಆವರ್ತನೆಯೂ ಪೂರ್ಣವಾಗದು. ತೊಟ್ಟಿಗೆ ಎಷ್ಟು ಕೆಳಗಿನ ಆವೃತ್ತಿಯವರೆಗೆ ಬಾಯಿ ಇದೆ, ಎಲ್ಲಿಂದ ಕೆಳಗೆ ಇಲ್ಲ ಎಂದು ಅದರ ಉದ್ದಗಲವೇ ಹೇಳುತ್ತದೆ. ನೀರೊಳಗಿನ ಶಬ್ದಮಾಪನಕ್ಕೆ ದಶಕಗಳಿಂದ ಆಧಾರಗ್ರಂಥವಾಗಿರುವ ರಾಬರ್ಟ್ ಬಾಬರ್ ಅವರ 1970ರ ‘ಅಂಡರ್‌ವಾಟರ್ ಎಲೆಕ್ಟ್ರೋಅಕೌಸ್ಟಿಕ್ ಮೆಷರ್‌ಮೆಂಟ್ಸ್’ ವರದಿಯ ಗ್ರಂಥಪಟ್ಟಿಯಲ್ಲಿ ಇರಲಿಲ್ಲ. ಆ ಪುಸ್ತಕವನ್ನು ಅವರ ಕೈಗೆ ಕೊಡಬೇಕಾದವನು ನಾನು.

ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಪರೀಕ್ಷಾ ತೊಟ್ಟಿ 16 ಮೀಟರ್ ಉದ್ದ, 9 ಮೀಟರ್ ಅಗಲ, 7 ಮೀಟರ್ ಆಳದ್ದು. ಅದರ ನಡುವೆ ಒಂದು ಮೀಟರ್ ಅಂತರದಲ್ಲಿ ಎರಡು ಉಪಕರಣಗಳನ್ನಿಟ್ಟರೂ ಸ್ವಚ್ಛ ಅವಧಿ ಸುಮಾರು 4 ಮಿಲಿಸೆಕೆಂಡ್ ಮಾತ್ರ ಎಂದು ಮೇಲಿನಂತೆಯೇ ಲೆಕ್ಕ ಹಾಕಬಹುದು. ಇನ್ನೂ ಕೆಳಗಿನ ಆವೃತ್ತಿಗಳಿಗೆ ಇನ್ನೂ ದೊಡ್ಡ ನೀರು ಬೇಕು. ಕೊಚ್ಚಿಯ ನೌಕಾ ಭೌತ ಮತ್ತು ಸಾಗರವಿಜ್ಞಾನ ಪ್ರಯೋಗಾಲಯವು ಸಮುದ್ರದ ದಡದಲ್ಲಿದ್ದೂ ಬೆಟ್ಟ ಹತ್ತಿ ಇಡುಕ್ಕಿ ಜಲಾಶಯದ ಕುಳಮಾವಿನಲ್ಲಿ ಪರೀಕ್ಷಾ ಕೇಂದ್ರ ಇಟ್ಟುಕೊಂಡಿರುವುದರ ಮರ್ಮ ಇದರಿಂದ ತಿಳಿಯುತ್ತದೆ. ಅಲೆಗಳಿಲ್ಲದ, ಆಳವಾದ ನೀರು ಅಲ್ಲಿದೆ. 2024ರ ಏಪ್ರಿಲ್‌ನಲ್ಲಿ ಅಲ್ಲಿಗೆ ಸೋನಾರ್ ಪರೀಕ್ಷೆಗಾಗಿಯೇ ಹೊಸ ತೇಲುವ ವೇದಿಕೆಯೂ ಬಂದಿದೆ. ಎಲ್ಲ ಎಲ್ಲೆಗಳಿಂದ 20 ಮೀಟರ್ ದೂರ, ಎರಡು ಮೀಟರ್ ಅಂತರ ಸಿಕ್ಕರೆ ಸ್ವಚ್ಛ ಅವಧಿ ಸುಮಾರು 26 ಮಿಲಿಸೆಕೆಂಡಿಗೆ ಏರುತ್ತದೆ.

ನಮ್ಮ ಮಲ್ಲಾಘಟ್ಟದ ಕೆರೆಯಲ್ಲೋ ಬೋರನಕಣಿವೆಯಲ್ಲೋ ಇದನ್ನು ಮಾಡಬಾರದೇಕೆ ಎಂದು ವಿದ್ಯಾರ್ಥಿಯೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಕೆರೆಯ ವಿಸ್ತಾರದಿಂದ ಪಕ್ಕದ ದಡಗಳು ದೂರವಾಗುತ್ತವೆ. ಆದರೆ ಮೇಲ್ಮೈ ಮತ್ತು ತಳಗಳ ನಡುವಿನ ಅಂತರ ಹೂಳಿನಿಂದ ಮತ್ತಷ್ಟು ಕಡಿಮೆಯಾಗಿರುತ್ತದೆ. ಕೊಳೆಯುವ ಹೂಳಿನಲ್ಲಿ ಅನಿಲದ ಗುಳ್ಳೆಗಳೂ ಇರುತ್ತವೆ. ತೋಡುಬಾವಿಯಲ್ಲಿ ಇದಕ್ಕೆ ವಿರುದ್ಧ: ಆಳ ಉಂಟು, ಅಗಲ ಇಲ್ಲ. ಅತಿ ಹತ್ತಿರದ ಎಲ್ಲೆ ಯಾವುದೋ ಅದೇ ಯಜಮಾನ.

ಎಂಟನೆಯ ದಿನ

ವರದಿಯನ್ನು ನಾನು ಮತ್ತೆ ತೆರೆಯಲು ಕಾರಣ ನನ್ನ ವಿಜ್ಞಾನ ಶ್ರದ್ಧೆಯಲ್ಲ. ಪಕ್ಕದ ಹಳ್ಳಿಯಲ್ಲಿ ನಾರಿನ ಘಟಕ ನಡೆಸುವವರೊಬ್ಬರು ಮನೆಗೆ ಬಂದರು. ಹುಡುಗರಿಂದ ವರದಿಯ ನಕಲು ಅವರ ಕೈ ಸೇರಿತ್ತು. ನೌಕಾಪಡೆಗೆ ಸೋನಾರ್ ತಯಾರಿಸುವ ಭಾರತ್ ಎಲೆಕ್ಟ್ರಾನಿಕ್ಸ್ ಬೆಂಗಳೂರಿನಲ್ಲಿಯೇ ಇದೆ, ನಾರು ನಮ್ಮಲ್ಲಿದೆ, ನೀರಿನೊಳಗಿನ ಹಾಸು ಮಾಡಿ ಮಾರಿದರೆ ಹೇಗೆ ಎಂಬುದು ಅವರ ಯೋಚನೆ. ಬ್ಯಾಂಕ್ ಸಾಲದ ಅರ್ಜಿಗೆ ವರದಿಯನ್ನು ಲಗತ್ತಿಸಲು ಅನುಮತಿ ಕೇಳಿದರು. “ಮೇಷ್ಟ್ರೇ, ನಿಮ್ಮ ಸೈನ್ ಐತಲ್ಲ, ಅದ್ಕೇ ಧೈರ್ಯ ಮಾಡಿದೆ” ಎಂದರು.

ಎರಡು ವಾರ ಸಮಯ ಕೇಳಿದೆ. ಮೂವರನ್ನೂ ಕರೆಸಿ ಪ್ರಯೋಗವನ್ನು ಮಿಡಿತಗಳಿಂದ ಮತ್ತೆ ಮಾಡಿಸಿದೆ. 20 ಕಿಲೋಹರ್ಟ್ಸ್, ಅವಧಿ 0.2 ಮಿಲಿಸೆಕೆಂಡ್, ಅಂದರೆ ನಾಲ್ಕು ಆವರ್ತನೆ. ಪಕ್ಕದ ಗೋಡೆಯ ಪ್ರತಿಫಲನ ನೇರ ಮಿಡಿತಕ್ಕಿಂತ 1.05 ಮಿಲಿಸೆಕೆಂಡ್ ತಡವಾಗಿ, ಮೇಲ್ಮೈಯದು ಬಂದು ಹೋದ ಮೇಲೆ, ಬೇರೆಯಾಗಿ ಆಸಿಲೋಸ್ಕೋಪಿನ ತೆರೆಯ ಮೇಲೆ ಕಾಣುತ್ತದೆ. ಈಗ ಗೋಡೆಯನ್ನು ಮಾತ್ರ ವಿಚಾರಿಸಿಕೊಳ್ಳಬಹುದು.

ಒಣ ಹಾಸನ್ನು ಇಳಿಬಿಟ್ಟ ಮೊದಲ ದಿನ ಗೋಡೆಯ ಪ್ರತಿಫಲನ ನಿಜವಾಗಿಯೂ ಕುಗ್ಗಿತು. ಹುಡುಗರ ಮುಖ ಅರಳಿತು. ಹಾಗೆಯೇ ಬಿಟ್ಟು ದಿನವೂ ನೋಡಲು ಹೇಳಿದೆ. ನೀರು ಚಹಾದ ಬಣ್ಣಕ್ಕೆ ತಿರುಗುತ್ತ ಬಂತು. ಪ್ರತಿಫಲನ ದಿನದಿನಕ್ಕೆ ಬೆಳೆಯುತ್ತ ಬಂತು. ಎಂಟನೆಯ ದಿನ ಬರೀ ಗೋಡೆಗೂ ಹಾಸು ಕಟ್ಟಿದ ಗೋಡೆಗೂ ಹೆಚ್ಚು ವ್ಯತ್ಯಾಸ ಉಳಿಯಲಿಲ್ಲ. ಆಗ ಒಬ್ಬ ಹುಡುಗನಿಗೆ ಒಂದು ವಿಚಾರ ಹೊಳೆಯಿತು. ಹೊಸ ಒಣ ಹಾಸೊಂದನ್ನು ತಂದು, ನೀರಿನೊಳಗೇ ಹಿಡಿದು ಬಟ್ಟೆಯಂತೆ ಹಿಂಡಿದ. ಗುಳ್ಳೆಗಳು ಬುಳಬುಳನೆ ಮೇಲೆದ್ದವು. ಎಂಟು ದಿನದಲ್ಲಿ ಆದದ್ದು ಕೆಲವೇ ನಿಮಿಷಗಳಲ್ಲಿ ಆಯಿತು. ಪ್ರತಿಫಲನ ಬಹುಮಟ್ಟಿಗೆ ಮರಳಿತು. ಮೊದಲ ವರದಿಯಲ್ಲಿ ಇಲ್ಲದೆ ಹೋದ ನಿರ್ಣಾಯಕ ಪ್ರಯೋಗ ಇದೇ. ಕೆಲಸ ಮಾಡಿದ್ದು ನಾರಲ್ಲ, ನಾರಿನಲ್ಲಿ ಸಿಕ್ಕಿಕೊಂಡ ಗಾಳಿ.

ಗುಳ್ಳೆಗಳ ಪ್ರಭಾವವನ್ನು ಕಡೆಗಣಿಸುವಂತಿಲ್ಲ. ಒಂದು ಲೀಟರ್ ನೀರಿನಲ್ಲಿ ಒಂದು ಮಿಲಿಲೀಟರ್ ಗಾಳಿ ಸಣ್ಣ ಗುಳ್ಳೆಗಳಾಗಿ ಬೆರೆತರೆ, ಗುಳ್ಳೆಗಳ ಅನುನಾದಕ್ಕಿಂತ ಬಹಳ ಕೆಳಗಿನ ಆವೃತ್ತಿಗಳಲ್ಲಿ ಶಬ್ದವೇಗ 1,480ರಿಂದ ಸೆಕೆಂಡಿಗೆ ಸುಮಾರು 360 ಮೀಟರಿಗೆ ಕುಸಿಯುತ್ತದೆ. ಮಿನ್ನಾರ್ಟ್ 1933ರಲ್ಲಿ ತೋರಿಸಿದಂತೆ, ಒಂದು ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸುಮಾರು 3.3 ಕಿಲೋಹರ್ಟ್ಸ್‌ನಲ್ಲಿ ತಾನೇ ಗಂಟೆಯಂತೆ ಮಿಡಿಯುತ್ತದೆ; ತ್ರಿಜ್ಯ ಕಿರಿದಾದಷ್ಟೂ ಆವೃತ್ತಿ ಏರುತ್ತದೆ. ಇಂಥ ಗುಳ್ಳೆಗಳು ಸ್ವಲ್ಪ ಶಕ್ತಿಯನ್ನು ಹೀರುತ್ತವೆ, ಉಳಿದುದನ್ನು ದಿಕ್ಕುದಿಕ್ಕಿಗೆ ಚೆದರಿಸುತ್ತವೆ. ಹೈಡ್ರೋಫೋನಿಗೆ ಬಾರದ ಶಬ್ದವೆಲ್ಲ ಹೀರಿಹೋಯಿತೆಂದು ತಿಳಿಯುವುದು ವರದಿಯ ಮೂರನೆಯ ತಪ್ಪು. ಚೆದರಿದ ಶಬ್ದ ತೊಟ್ಟಿಯಲ್ಲಿಯೇ ಉಳಿದು ಬೇರೆ ಮೂಲೆಯಿಂದ ಮರಳಿ ಬರುತ್ತದೆ.

ಹಾಗಾದರೆ ಹೀರುಕಗಳೇ ಇಲ್ಲವೇ?

ಇವೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಜಲಾಂತರ್ಗಾಮಿಗಳಿಗೆ ಹೊದಿಸಿದ ‘ಆಲ್ಬೆರಿಖ್’ ಹಾಳೆ ಸುಮಾರು 4 ಮಿ.ಮೀ. ದಪ್ಪದ ಕೃತಕ ರಬ್ಬರು. ಅದರಲ್ಲಿಯೂ ಕೆಲಸ ಮಾಡುತ್ತಿದ್ದುದು ಗಾಳಿಯೇ. ಆದರೆ ಅಳತೆ ಮಾಡಿ ಕೊರೆದ ರಂಧ್ರಗಳಲ್ಲಿ, ತಪ್ಪಿಸಿಕೊಳ್ಳದಂತೆ ರಬ್ಬರಿನೊಳಗೆ ಬಂಧಿಸಿದ ಗಾಳಿ. 1950ರ ದಶಕದಲ್ಲಿ ಅಮೆರಿಕದಲ್ಲಿ ಸಿಮೆಂಟಿಗೆ ಮರದ ಹೊಟ್ಟನ್ನು ಬೆರೆಸಿ ಮಾಡಿದ ಬೆಣೆಗಳನ್ನು ಪರೀಕ್ಷಾ ತೊಟ್ಟಿಯ ಒಳಗೋಡೆಗೆ ಜೋಡಿಸಿ ಬಳಸಿದ್ದುಂಟು. ಬೆಣೆಯ ಆಕಾರದಿಂದ ನೀರಿನ ಇಂಪೀಡೆನ್ಸ್ ಥಟ್ಟನೆ ಬದಲಾಗದೆ ಮೆಲ್ಲಗೆ ಬದಲಾಗುತ್ತದೆ. ಶಬ್ದ ಗೋಡೆಗೆ ಡಿಕ್ಕಿ ಹೊಡೆಯದೆ ಒಳಗೆ ಜಾರುತ್ತದೆ. ಒಳಗೆ ಹೋದದ್ದನ್ನು ಉಷ್ಣವಾಗಿಸುವುದು ವಸ್ತುವಿನ ಕೆಲಸ. ಒಳ್ಳೆಯ ಹೀರುಕ ಎರಡು ಷರತ್ತುಗಳನ್ನು ಪಾಲಿಸಬೇಕು: ನೀರಿಗೆ ತಾನೂ ನೀರೆಂಬಂತೆ ಕಾಣಬೇಕು, ಒಳಗೆ ಮಾತ್ರ ನೀರಾಗಿರಬಾರದು. ನೆನೆದ ನಾರು ಮೊದಲ ಷರತ್ತನ್ನು ಪಾಲಿಸುತ್ತದೆ, ಎರಡನೆಯದನ್ನು ಇಲ್ಲ. ಒಣ ನಾರು ಎರಡನೆಯದನ್ನು ಅಷ್ಟಿಷ್ಟು ಪಾಲಿಸುತ್ತದೆ, ಮೊದಲನೆಯದನ್ನು ಇಲ್ಲ. ಅದೂ ಎಂಟು ದಿನದ ಮಟ್ಟಿಗೆ.

ಮರದ ಹೊಟ್ಟಿನ ಜಾಗದಲ್ಲಿ ನಮ್ಮ ನಾರಿನ ಪುಡಿಯನ್ನು ಸಿಮೆಂಟಿಗೆ ಬೆರೆಸಿದರೆ ಏನಾಗುತ್ತದೆ? ತಿಪಟೂರಿನ ಸುತ್ತ ರಾಶಿ ಬೀಳುವ ಪುಡಿಗೆ ಇದು ಕೇಳತಕ್ಕ ಪ್ರಶ್ನೆ. ಆದರೆ ಇದು ಪ್ರಶ್ನೆ ಮಾತ್ರ. ಉತ್ತರ ಕೊಡುವ ಮುಂಚೆ ಬೆಣೆಯನ್ನು ತಿಂಗಳುಗಟ್ಟಲೆ ನೀರಿನಲ್ಲಿ ನೆನೆಹಾಕಿ, ಹಲವು ಆವೃತ್ತಿಗಳಲ್ಲಿ, ಮಿಡಿತಗಳಿಂದ ಅಳೆಯಬೇಕು.

ಕೊನೆಯ ಮಾತು

ವಿಮರ್ಶೆಯೆಂದ ಮೇಲೆ ತೀರ್ಪು ಬೇಕು. ವರದಿಯ ತೀರ್ಮಾನ ತಪ್ಪು; ಅದರ ಅಳತೆಗಳು ಆ ತೀರ್ಮಾನವನ್ನು ಹೊರುವಷ್ಟು ಗಟ್ಟಿಯಲ್ಲ. ಆದರೆ ಪ್ರಶ್ನೆ ಸರಿಯಾಗಿತ್ತು. ಪ್ರಾಜೆಕ್ಟುಗಳನ್ನು ನೋಡುವ ಅಧ್ಯಾಪಕ ಮಿತ್ರರಲ್ಲಿ ನನ್ನ ಬಿನ್ನಹ ಇಷ್ಟು. ಕೋಷ್ಟಕದಿಂದ ತೆಗೆದ ಗುಣಾಂಕ ಯಾವ ಮಾಧ್ಯಮದ್ದೆಂದು ಕೇಳಿ. ಓದಿದ್ದು ವೋಲ್ಟೇಜೋ ಶಕ್ತಿಯೋ ಎಂದು ಕೇಳಿ. ಹೈಡ್ರೋಫೋನನ್ನು ಒಂದು ಗೇಣು ಸರಿಸಿ ಮತ್ತೆ ಓದಿಸಿ. ಒಂದು ವಾರ ಬಿಟ್ಟು ಮತ್ತೊಮ್ಮೆ ಅಳೆಯಿಸಿ. ಆಮೇಲೆ ಸಹಿ ಹಾಕಿ.

ನಾರಿನ ಘಟಕದವರಿಗೆ ತೊಟ್ಟಿಯ ಬಳಿಯೇ ಎರಡು ಪ್ರಯೋಗಗಳನ್ನೂ ತೋರಿಸಿದೆವು. ಹಾಸು ಹಿಂಡಿದಾಗ ತೆರೆಯ ಮೇಲೆ ಗೆರೆ ಮತ್ತೆ ಎದ್ದದ್ದನ್ನು ಅವರು ಸುಮ್ಮನೆ ನೋಡಿದರು. “ಸಾಲ ತಗಂಡಿದ್ದಿದ್ರೆ ತೋಟ ಹೋಗ್ತಿತ್ತು ಮೇಷ್ಟ್ರೇ” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಹಳೆಯ ವರದಿಯ ಮೇಲೆ ‘ಹಿಂತೆಗೆದುಕೊಳ್ಳಲಾಗಿದೆ’ ಎಂದು ಬರೆದು ದಿನಾಂಕ ಹಾಕಿದೆ. ಎರಡನೆಯ ಪ್ರಯೋಗವನ್ನು ವಿದ್ಯಾರ್ಥಿಗಳು ಹೊಸ ವರದಿಯಾಗಿ ಬರೆದರು. ಅದರ ಶೀರ್ಷಿಕೆ: ‘ತೆಂಗಿನ ನಾರಿನ ಹಾಸು ನೀರಿನಲ್ಲಿ ಶಬ್ದ ಹೀರುಕವಾಗಿ ನಿಲ್ಲುವುದಿಲ್ಲ’. ಇದಕ್ಕೂ ನಾನೇ ಸಹಿ ಹಾಕಿದ್ದೇನೆ, ಎರಡು ಸಲ ಓದಿ.